ಊರಿಗೆ ಮರಳಿದ ಮೇಲೆ ಪ್ಯಾನ್: ಮೂರು ದಾಖಲೆ, ಮೂರು ಹೆಸರು, ಒಂದು ಸಂಖ್ಯೆ

ಕಾಪು ದೀಪಸ್ತಂಭ — 3 ಫೆಬ್ರವರಿ 2026

ಎಲ್ಲರಿಗೂ ನಮಸ್ಕಾರ. 2004ರಿಂದ ಕುವೈತ್‌ನಲ್ಲಿ ದುಡಿದು, ಕಳೆದ ನವೆಂಬರ್ 10ರಂದು ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದು, ಇನ್ನು ಹೊರಡುವುದಿಲ್ಲವೆಂಬ ತೀರ್ಮಾನದೊಂದಿಗೆ ಕಾಪುವಿನ ಮನೆ ಸೇರಿದ್ದೇನೆ. ಸೇವಾಂತ್ಯದಲ್ಲಿ ಬಂದ ಹಣವನ್ನು ಠೇವಣಿ ಇಡೋಣವೆಂದು ಹೋದ ವಾರ ಬ್ಯಾಂಕಿಗೆ ಹೋದಾಗ, ನನ್ನ ಪ್ಯಾನ್ ನಿಷ್ಕ್ರಿಯವಾಗಿದೆಯೆಂದು ಕೌಂಟರಿನಲ್ಲಿದ್ದವರು ತಿಳಿಸಿದರು. ಮನೆಗೆ ಬಂದು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನೋಡಿದರೆ ಅಲ್ಲಿಯೂ ಅದೇ ಮಾತು. ಆಧಾರ್ ಜೋಡಣೆಯಾಗಿಲ್ಲ ಎಂಬ ಕಾರಣವೂ ಇತ್ತು. ಜೋಡಿಸಲು ಹೊರಟರೆ ಹೆಸರು ಹೊಂದಿಕೆಯಾಗುತ್ತಿಲ್ಲ.

ಹೆಸರಿನ ಕಥೆಯನ್ನು ಸ್ವಲ್ಪ ವಿವರಿಸಬೇಕಾಗಿದೆ. 2003ರಲ್ಲಿ ಪ್ಯಾನ್ ಮಾಡಿಸಿಕೊಟ್ಟ ಏಜೆಂಟರು ನನ್ನ ಹೆಸರಿನ ನಂತರ ತಂದೆಯ ಹೆಸರನ್ನೇ ಕೊನೆಯ ಹೆಸರಾಗಿ ಬರೆದಿದ್ದಾರೆ. ಪಾಸ್‌ಪೋರ್ಟಿನಲ್ಲಿ ಮೊದಲಿನಿಂದಲೂ ನನ್ನ ಒಂಟಿ ಹೆಸರು ಮಾತ್ರ ಇತ್ತು, ಉಪನಾಮದ ಜಾಗ ಖಾಲಿ. 2021ರಲ್ಲಿ ರಜೆಗೆ ಬಂದಾಗ ಅದೇ ಪಾಸ್‌ಪೋರ್ಟ್ ತೋರಿಸಿ ಆಧಾರ್ ಮಾಡಿಸಿದ್ದರಿಂದ ಆಧಾರಿನಲ್ಲಿಯೂ ಒಂಟಿ ಹೆಸರೇ ಬಂತು. 2022ರ ನವೆಂಬರ್‌ನಲ್ಲಿ, ಒಂಟಿ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಯುಎಇ ಸಂದರ್ಶನ ವೀಸಾ ಕೊಡುವುದಿಲ್ಲವೆಂಬ ಸುದ್ದಿ ಹಬ್ಬಿತಲ್ಲ, ಆಗ ದುಬೈಯಲ್ಲಿರುವ ತಂಗಿಯ ಮನೆಗೆ ಹೋಗುವುದು ತಪ್ಪಬಾರದೆಂದು ಮರುವರ್ಷ ಪಾಸ್‌ಪೋರ್ಟ್ ನವೀಕರಿಸುವಾಗ ಮನೆತನದ ಹೆಸರನ್ನು ಉಪನಾಮವಾಗಿ ಸೇರಿಸಿಕೊಂಡೆ. ಹೀಗಾಗಿ ಇಂದು ಮೂರು ದಾಖಲೆಗಳಲ್ಲಿ ನಾನು ಮೂರು ಮನುಷ್ಯರಂತೆ ಕಾಣುತ್ತೇನೆ.

ಎಲ್ಲವನ್ನೂ ಬಿಟ್ಟು ಹೊಸ ಪ್ಯಾನ್‌ಗೆ ಅರ್ಜಿ ಹಾಕುವುದೇ ಸುಲಭವೆಂದು ಪೇಟೆಯಲ್ಲಿ ಒಬ್ಬರು ಹೇಳಿದರು. ಅದು ಸರಿಯೇ? ಸರಿಯಲ್ಲವಾದರೆ ಯಾವ ದಾಖಲೆಯನ್ನು ಮೊದಲು ತಿದ್ದಿಸಬೇಕು? ಇಷ್ಟು ವರ್ಷ ಅನಿವಾಸಿಯಾಗಿದ್ದ ನಾನು ಆಧಾರ್ ಜೋಡಣೆ ತಡವಾದದ್ದಕ್ಕೆ ಸಾವಿರ ರೂಪಾಯಿ ವಿಳಂಬ ಶುಲ್ಕವನ್ನು ಕಟ್ಟಲೇಬೇಕೇ?

ಹಳೆಯಂಗಡಿಯವ — 3 ಫೆಬ್ರವರಿ 2026

ಹೊಸ ಪ್ಯಾನ್‌ಗೆ ದಯವಿಟ್ಟು ಅರ್ಜಿ ಹಾಕಬೇಡಿ. ನಾನು ಆ ತಪ್ಪನ್ನು ಮಾಡಿ ಅನುಭವಿಸಿದವನು. ಬಹರೈನ್‌ನಲ್ಲಿದ್ದಾಗ ಹಳೆಯ ಕಾರ್ಡ್ ಕಳೆದುಹೋಯಿತೆಂದು, ಸಂಖ್ಯೆಯೂ ನೆನಪಿಲ್ಲವೆಂದು, ರಜೆಯಲ್ಲಿ ಬಂದು ಎರಡನೆಯದನ್ನು ಮಾಡಿಸಿಕೊಂಡೆ. ಒಬ್ಬರ ಬಳಿ ಎರಡು ಪ್ಯಾನ್ ಇರುವುದು ಕಾನೂನಿಗೆ ವಿರುದ್ಧ, ಹತ್ತು ಸಾವಿರ ರೂಪಾಯಿ ದಂಡಕ್ಕೆ ಅವಕಾಶವಿದೆ ಎಂಬುದು ಆಮೇಲೆ ತಿಳಿಯಿತು. ಕೊನೆಗೆ ತಿದ್ದುಪಡಿ ಅರ್ಜಿಯಲ್ಲಿಯೇ, ಇಟ್ಟುಕೊಳ್ಳುವ ಸಂಖ್ಯೆಯನ್ನು ಮೇಲೆ ಬರೆದು, ಬಿಟ್ಟುಕೊಡುವ ಸಂಖ್ಯೆಯನ್ನು ಅದಕ್ಕೆಂದೇ ಇರುವ ಕಲಮಿನಲ್ಲಿ ನಮೂದಿಸಿ ಒಪ್ಪಿಸಿದೆ. ದಂಡವೇನೂ ಬರಲಿಲ್ಲ, ಆದರೆ ಒಂದು ಪ್ಯಾನ್ ಷೇರುಗಳ ಡಿಮ್ಯಾಟ್ ಖಾತೆಯಲ್ಲಿ, ಇನ್ನೊಂದು ಬ್ಯಾಂಕಿನಲ್ಲಿ ಇದ್ದುದರಿಂದ ಅವನ್ನು ಒಂದುಗೂಡಿಸುವಷ್ಟರಲ್ಲಿ ಒಂದು ಮಳೆಗಾಲವೇ ಕಳೆಯಿತು.

ಕೊಡಿಯಾಲಬೈಲ್ ಲೆಕ್ಕಪರಿಶೋಧಕಿ — 4 ಫೆಬ್ರವರಿ 2026

ಹಳೆಯಂಗಡಿಯವರ ಮಾತು ಸರಿ. ಪ್ಯಾನ್ ಎಂಬುದು ಒಮ್ಮೆ ಕೊಟ್ಟರೆ ಬದುಕಿರುವಷ್ಟು ಕಾಲವೂ ಅದೇ ಸಂಖ್ಯೆ. ವಿಳಾಸ ಬದಲಾಗಲಿ, ಹೆಸರು ಬದಲಾಗಲಿ, ಪೌರತ್ವವೇ ಬದಲಾಗಲಿ, ಸಂಖ್ಯೆ ಬದಲಾಗುವುದಿಲ್ಲ; ಅದರ ಹಿಂದಿರುವ ವಿವರಗಳಷ್ಟೇ ಬದಲಾಗುತ್ತವೆ. ಹತ್ತು ಅಕ್ಷರ-ಅಂಕಿಗಳಲ್ಲಿ ಐದನೆಯ ಅಕ್ಷರವು ಪ್ಯಾನ್ ಪಡೆದಾಗ ಇದ್ದ ಕೊನೆಯ ಹೆಸರಿನ ಮೊದಲಕ್ಷರವಾಗಿರುತ್ತದೆ. ತಮ್ಮ ಪ್ಯಾನ್‌ನಲ್ಲಿ ಅದು ತಂದೆಯವರ ಹೆಸರಿನ ಮೊದಲಕ್ಷರವಾಗಿರಬೇಕು. ಮನೆತನದ ಹೆಸರು ಸೇರಿದ ಮೇಲೆ ಅದು ತಾಳೆಯಾಗದಿದ್ದರೂ ತೊಂದರೆಯಿಲ್ಲ. ಮದುವೆಯ ನಂತರ ಉಪನಾಮ ಬದಲಿಸಿಕೊಂಡ ಹೆಣ್ಣುಮಕ್ಕಳೆಲ್ಲರ ಪ್ಯಾನ್ ಹಾಗೆಯೇ ಇರುತ್ತದೆ.

ಇನ್ನು ನಿಷ್ಕ್ರಿಯವಾದದ್ದು ಹೇಗೆ ಎಂಬುದು. ಆದಾಯ ತೆರಿಗೆ ಕಾನೂನಿನ ಪ್ರಕಾರ ಅನಿವಾಸಿಗಳಾದವರು, ಭಾರತದ ಪೌರರಲ್ಲದವರು, ಎಂಬತ್ತು ವರ್ಷ ತುಂಬಿದವರು, ಹಾಗೂ ಅಸ್ಸಾಂ, ಮೇಘಾಲಯ, ಜಮ್ಮು-ಕಾಶ್ಮೀರದ ನಿವಾಸಿಗಳಿಗೆ ಆಧಾರ್ ಜೋಡಣೆಯಿಂದ ವಿನಾಯಿತಿ ಇದೆ; 2017ರ ಮೇ ತಿಂಗಳ ಅಧಿಸೂಚನೆಯದು. ಆದರೆ ತಾವು ಅನಿವಾಸಿ ಎಂಬುದು ಇಲಾಖೆಗೆ ತಾನಾಗಿ ತಿಳಿಯುವುದಿಲ್ಲ. ಊರಿನ ವಿಳಾಸ ಕೊಟ್ಟು ಪ್ಯಾನ್ ಪಡೆದು, ವಿದೇಶಕ್ಕೆ ಹೋದ ಮೇಲೆ ರಿಟರ್ನ್ ಸಲ್ಲಿಸದೆ ಇದ್ದವರು ಕಡತದಲ್ಲಿ ನಿವಾಸಿಗಳಾಗಿಯೇ ಉಳಿದಿದ್ದರು, ಹಾಗಾಗಿ 2023ರ ಜುಲೈ 1ರಂದು ಉಳಿದವರೊಂದಿಗೆ ಅವರ ಪ್ಯಾನ್‌ಗಳೂ ನಿಷ್ಕ್ರಿಯವಾದವು. ಗಲ್ಫ್‌ನಲ್ಲಿದ್ದ ನಮ್ಮ ಕರಾವಳಿಯ ಬಹಳ ಜನ ಸಿಕ್ಕಿಬಿದ್ದದ್ದು ಇಲ್ಲಿಯೇ. ಅಂಥವರು ಪಾಸ್‌ಪೋರ್ಟಿನ ಪ್ರತಿಗಳೊಂದಿಗೆ ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ಅನಿವಾಸಿ ಸ್ಥಾನಮಾನವನ್ನು ತಿಳಿಸಿದರೆ ಪ್ಯಾನ್ ಮತ್ತೆ ಸಕ್ರಿಯವಾಗುತ್ತದೆ, ಅದಕ್ಕೆ ಶುಲ್ಕವಿಲ್ಲ.

ಆದ್ದರಿಂದ ತಮ್ಮ ಮುಂದೆ ಎರಡು ದಾರಿಗಳಿವೆ. ಈ ಆರ್ಥಿಕ ವರ್ಷಕ್ಕೆ ತಾವು ಇನ್ನೂ ಅನಿವಾಸಿ ಎಂದು ಅಧಿಕಾರಿಗೆ ಬರೆದು ಸಾವಿರ ರೂಪಾಯಿಯನ್ನು ಉಳಿಸಬಹುದು. ಆದರೆ ಬರುವ ಏಪ್ರಿಲ್‌ನಿಂದ ತಾವು ನಿವಾಸಿಯಾಗುವುದು ಖಚಿತವಿರುವುದರಿಂದ ಆ ವಿನಾಯಿತಿಯ ಆಯುಷ್ಯ ಎರಡೇ ತಿಂಗಳು. ನನ್ನ ಸಲಹೆಯೇನೆಂದರೆ ಸಾವಿರ ರೂಪಾಯಿ ಕಟ್ಟಿ ಈಗಲೇ ಜೋಡಿಸಿಬಿಡಿ. ವಿದೇಶದಲ್ಲಿ ಇನ್ನೂ ಮೂರು ವರ್ಷದ ಕೆಲಸದ ಒಪ್ಪಂದ ಬಾಕಿಯಿರುವವರು ಕೇಳಿದ್ದರೆ ಇದಕ್ಕೆ ವಿರುದ್ಧವಾದ ಸಲಹೆಯನ್ನು ಕೊಡುತ್ತಿದ್ದೆ.

ಹೆಸರಿನ ವಿಷಯದಲ್ಲಿ ಅವಸರ ಬೇಡ. ಆಧಾರಿನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ, ಜನ್ಮದಿನಾಂಕವನ್ನು ಒಂದೇ ಸಲ ಬದಲಿಸಬಹುದು. ಪ್ಯಾನ್‌ನಲ್ಲಿ ಅಂಥ ಕಟ್ಟು ಇಲ್ಲ. ಪ್ಯಾನ್‌ನ ಹೆಸರನ್ನು ಇಂದಿನ ಆಧಾರಿನಂತೆ ಒಂಟಿ ಹೆಸರಿಗೆ ಇಳಿಸಿದರೆ ಜೋಡಣೆ ಬೇಗ ಆಗುತ್ತದೆ ನಿಜ, ಆದರೆ ಪಾಸ್‌ಪೋರ್ಟ್ ಆಗ ಹೊರಗುಳಿಯುತ್ತದೆ, ನಾಳೆ ಬ್ಯಾಂಕಿನವರು ಅದನ್ನೇ ಹಿಡಿದು ಪ್ರಶ್ನಿಸುತ್ತಾರೆ. ಆದ್ದರಿಂದ 2023ರ ಪಾಸ್‌ಪೋರ್ಟನ್ನು ಬುಡವಾಗಿಟ್ಟುಕೊಂಡು ಮೊದಲು ಆಧಾರ್, ಅದರ ನಂತರ ಪ್ಯಾನ್, ಆಮೇಲೆ ಜೋಡಣೆ, ಕೊನೆಗೆ ಬ್ಯಾಂಕಿನ ಕೆವೈಸಿ (ಗ್ರಾಹಕರ ಗುರುತಿನ ದಾಖಲೆ), ಈ ಕ್ರಮದಲ್ಲಿ ಹೋಗಿ. ತಿದ್ದುಪಡಿಯ ಮೊದಲು ಒಂದು ಕೆಲಸವಿದೆ: ಆಧಾರಿಗೆ ಕೊಟ್ಟಿರುವ ಮೊಬೈಲ್ ಸಂಖ್ಯೆ ಇಂದು ತಮ್ಮ ಕೈಯಲ್ಲಿಯೇ ಇದೆಯೇ ನೋಡಿಕೊಳ್ಳಿ. ರಜೆಯಲ್ಲಿ ಕೊಂಡು ಬಿಟ್ಟುಹೋದ ಸಿಮ್ ಈಗ ಇನ್ನಾರದೋ ಕಿಸೆಯಲ್ಲಿದ್ದರೆ ಒಟಿಪಿ ಅವರಿಗೆ ಹೋಗುತ್ತದೆ.

ಕಾಪು ದೀಪಸ್ತಂಭ — 4 ಫೆಬ್ರವರಿ 2026

ಮೇಡಂ, ಸಿಮ್ ವಿಷಯವನ್ನು ತಾವು ಕಣ್ಣಾರೆ ಕಂಡಂತೆ ಹೇಳಿದಿರಿ. 2021ರ ಸಿಮ್ ರೀಚಾರ್ಜ್ ಇಲ್ಲದೆ ಎಂದೋ ರದ್ದಾಗಿದೆ. ನಾಳೆಯೇ ಅಲ್ಲಿಂದ ಆರಂಭಿಸುತ್ತೇನೆ.

ಬಿಜೈ ಬೆಟ್ಟದ ಮನೆ — 5 ಫೆಬ್ರವರಿ 2026

ನಮ್ಮ ಕ್ರೈಸ್ತ ಕುಟುಂಬಗಳ ಹೆಸರಿನ ಪಾಡು ಬೇರೆಯದೇ. ನಮ್ಮ ಮನೆಯ ನಾಲ್ವರಲ್ಲಿ ಡಿಸೋಜ ಎಂಬ ಉಪನಾಮವನ್ನು ಇಂಗ್ಲಿಷಿನಲ್ಲಿ ಒಬ್ಬರಿಗೆ ಅಪಾಸ್ಟ್ರಫಿಯೊಂದಿಗೆ, ಇಬ್ಬರಿಗೆ ನಡುವೆ ಜಾಗ ಬಿಟ್ಟು, ಒಬ್ಬರಿಗೆ ಎಲ್ಲವನ್ನೂ ಕೂಡಿಸಿ ಬರೆಯಲಾಗಿದೆ. ಮಸ್ಕತ್‌ನಿಂದ ಬಂದ ಯಜಮಾನರ ಪ್ಯಾನ್ ಜೋಡಣೆಗೆ ಇಷ್ಟು ಸಣ್ಣ ವ್ಯತ್ಯಾಸ ಅಡ್ಡಿಯಾಗಲಿಲ್ಲ. ಆಧಾರ್ ಒಟಿಪಿ ಕೇಳಿತು, ಕೊಟ್ಟೆವು, ಮುಗಿಯಿತು. ನನ್ನದರಲ್ಲಿ ಮಾತ್ರ ಜನ್ಮದಿನಾಂಕವೇ ಬೇರೆಯಾಗಿತ್ತು. ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಎಂದು ಬರೆದುಕೊಂಡ ಕಾಲದವರು ನಾವು. ಚರ್ಚಿನ ಜ್ಞಾನಸ್ನಾನದ ದಾಖಲೆಯ ದಿನಾಂಕ ಪಾಸ್‌ಪೋರ್ಟಿಗೆ ಹೋಗಿತ್ತು, ಶಾಲೆಯ ದಿನಾಂಕ ಪ್ಯಾನ್‌ಗೆ ಹೋಗಿತ್ತು. ಪ್ಯಾನ್ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಜೋಡಿಸುವ ವ್ಯವಸ್ಥೆಯೂ ಇದೆಯೆಂದರು, ಆದರೆ ನಾನು ದಿನಾಂಕವನ್ನೇ ತಿದ್ದಿಸಿದೆ. ಊರಿನ ವಿಳಾಸಕ್ಕೆ ಕಾರ್ಡ್ ತರಿಸಿಕೊಂಡದ್ದಕ್ಕೆ 107 ರೂಪಾಯಿ ಆಯಿತು. ಮಸ್ಕತ್ ವಿಳಾಸ ಕೊಟ್ಟಿದ್ದರೆ ಸಾವಿರದ ಮೇಲೆ ಆಗುತ್ತಿತ್ತು.

ಕುಂದಾಪುರ ಕೋಡಿ — 6 ಫೆಬ್ರವರಿ 2026

ಇಲ್ಲಿ ನನಗೊಂದು ಗೊಂದಲವಿದೆ. ಲೆಕ್ಕಪರಿಶೋಧಕಿಯವರು ದೀಪಸ್ತಂಭದವರನ್ನು ಈ ವರ್ಷಕ್ಕೆ ಇನ್ನೂ ಅನಿವಾಸಿ ಎನ್ನುತ್ತಾರೆ. ನಾನು ದೋಹಾದಿಂದ ಬಂದಾಗ ಬ್ಯಾಂಕಿನವರು, ವಿಮಾನದಿಂದ ಇಳಿದ ದಿನವೇ ತಾವು ನಿವಾಸಿಯಾದಿರಿ, ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಇ ಖಾತೆಯನ್ನು ಬದಲಿಸಲೇಬೇಕು ಎಂದು ಹೇಳಿದ್ದರು. ಇಬ್ಬರಲ್ಲಿ ಯಾರ ಮಾತು ಸರಿ?

ಕೊಡಿಯಾಲಬೈಲ್ ಲೆಕ್ಕಪರಿಶೋಧಕಿ — 6 ಫೆಬ್ರವರಿ 2026

ಇಬ್ಬರದೂ ಸರಿ, ಏಕೆಂದರೆ ಇವು ಎರಡು ಬೇರೆ ಕಾನೂನುಗಳು. ಮರಳಿ ಬಂದವರ ತೊಂದರೆಗಳಲ್ಲಿ ಅರ್ಧದಷ್ಟು ಹುಟ್ಟುವುದೇ ‘ನಿವಾಸಿ’ ಎಂಬ ಒಂದೇ ಪದವನ್ನು ಎರಡು ಕಾನೂನುಗಳು ಎರಡು ಅರ್ಥದಲ್ಲಿ ಬಳಸುವುದರಿಂದ. ಬ್ಯಾಂಕ್ ಖಾತೆಗಳನ್ನು ಆಳುವುದು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ. ಅದು ಉದ್ದೇಶವನ್ನು ನೋಡುತ್ತದೆ. ಇನ್ನು ಇಲ್ಲಿಯೇ ಇರುವೆನೆಂದು ಬಂದವರು ಬಂದ ದಿನದಿಂದಲೇ ಅದರ ಕಣ್ಣಿಗೆ ನಿವಾಸಿಗಳು. ಆದಾಯ ತೆರಿಗೆ ಕಾಯ್ದೆ ಉದ್ದೇಶಕ್ಕಿಂತ ದಿನಗಳನ್ನು ಎಣಿಸುತ್ತದೆ.

ದೀಪಸ್ತಂಭದವರ ದಿನಗಳನ್ನೇ ಎಣಿಸೋಣ. ನವೆಂಬರ್ 10ರಿಂದ ಮಾರ್ಚ್ 31ರವರೆಗೆ 142 ದಿನಗಳಾಗುತ್ತವೆ. ಈ ವರ್ಷ ರಜೆಗೆ ಬಂದ ದಿನಗಳನ್ನು ಅದಕ್ಕೆ ಕೂಡಿಸಬೇಕು. ಒಟ್ಟು 182 ತಲುಪಿದರೆ ನಿವಾಸಿ. ಇಲ್ಲದಿದ್ದರೂ ಇನ್ನೊಂದು ಪರೀಕ್ಷೆಯಿದೆ: ಈ ವರ್ಷ 60 ದಿನ ಮತ್ತು ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೆ ನಿವಾಸಿ. ರಜೆಗೆ ಭೇಟಿ ನೀಡುವ ಭಾರತೀಯರಿಗೆ ಈ ಅರವತ್ತನ್ನು ಸಡಿಲಿಸಲಾಗಿದೆ, ಆದರೆ ಆ ಸಡಿಲಿಕೆ ‘ಭೇಟಿ’ಗೆ ಬಂದವರಿಗೆ, ಶಾಶ್ವತವಾಗಿ ಮರಳಿದವರು ಅದನ್ನು ನಂಬಿಕೊಳ್ಳದೆ, ನಾಲ್ಕು ವರ್ಷಗಳ ಲೆಕ್ಕವನ್ನು ಪಾಸ್‌ಪೋರ್ಟಿನ ಮುದ್ರೆಗಳಿಂದ ತೆಗೆದಿಟ್ಟುಕೊಳ್ಳುವುದೇ ಕ್ಷೇಮ. ಭಾರತದಲ್ಲಿಯೇ ಹುಟ್ಟುವ ಆದಾಯ 15 ಲಕ್ಷ ರೂಪಾಯಿ ಮೀರಿ, ಬೇರೆ ಯಾವ ದೇಶದಲ್ಲಿಯೂ ತೆರಿಗೆಗೆ ಒಳಪಡದ ಭಾರತೀಯ ಪೌರರಿಗೆ 2020ರಿಂದ ಪ್ರತ್ಯೇಕ ನಿಯಮವಿದೆ. ಊರಿನಲ್ಲಿ ಬಾಡಿಗೆ ಕಟ್ಟಡಗಳಿರುವ ಗಲ್ಫ್‌ನವರು ಅದನ್ನು ಗಮನಿಸಬೇಕು.

ಕಾಪು ದೀಪಸ್ತಂಭ — 7 ಫೆಬ್ರವರಿ 2026

ಪಾಸ್‌ಪೋರ್ಟ್ ಎರಡನ್ನೂ ಹರಡಿಕೊಂಡು ಮಗಳೊಂದಿಗೆ ಕುಳಿತು ಎಣಿಸಿದೆ. ಜೂನ್‌ನಲ್ಲಿ ಅಮ್ಮನ ಶಸ್ತ್ರಚಿಕಿತ್ಸೆಗೆಂದು ಬಂದ 24 ದಿನಗಳನ್ನು ಕೂಡಿಸಿದರೆ ಈ ವರ್ಷ 166 ಆಗುತ್ತದೆ. ಹಿಂದಿನ ನಾಲ್ಕು ವರ್ಷಗಳದು ಒಟ್ಟು 172.

ಕೊಡಿಯಾಲಬೈಲ್ ಲೆಕ್ಕಪರಿಶೋಧಕಿ — 7 ಫೆಬ್ರವರಿ 2026

ಹಾಗಾದರೆ 2025–26ಕ್ಕೆ ತಾವು ಸ್ಪಷ್ಟವಾಗಿ ಅನಿವಾಸಿ. ಮುಂದಿನ ವರ್ಷಗಳನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರು, ನಿವಾಸಿಯಾದ ಮೇಲೂ ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎಂಬ ನಡುಮನೆಯಲ್ಲಿ ಇರುತ್ತಾರೆ. 2026–27ರಲ್ಲಿ ಹಿಂತಿರುಗಿ ನೋಡಿದರೆ ತಮಗೆ ಹತ್ತಕ್ಕೆ ಹತ್ತು ವರ್ಷ, 2027–28ರಲ್ಲಿ ನೋಡಿದರೆ ಹತ್ತಕ್ಕೆ ಒಂಬತ್ತು. ಆದ್ದರಿಂದ ಎರಡೂ ವರ್ಷ ನಡುಮನೆಯೇ. 2028–29ಕ್ಕೆ ಅದು ಎಂಟಕ್ಕೆ ಇಳಿಯುತ್ತದೆ. ಹಿಂದಿನ ಏಳು ವರ್ಷಗಳಲ್ಲಿ 729 ದಿನಕ್ಕಿಂತ ಹೆಚ್ಚು ಇಲ್ಲಿರಬಾರದೆಂಬ ಇನ್ನೊಂದು ಬಾಗಿಲೂ ಆಗ ಮುಚ್ಚಿರುತ್ತದೆ, ಏಕೆಂದರೆ 2028 ಅಧಿಕ ವರ್ಷವಾದ್ದರಿಂದ ಆ ಎರಡು ಪೂರ್ಣ ವರ್ಷಗಳೇ 365 ಮತ್ತು 366 ಸೇರಿ 731 ಆಗಿಬಿಡುತ್ತವೆ.

ನಡುಮನೆಯ ಈ ಎರಡು ವರ್ಷಗಳಲ್ಲಿ, ಕುವೈತ್‌ನ ಖಾತೆಯಲ್ಲಿ ಉಳಿದ ಹಣದ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ, ವಿದೇಶಿ ಆಸ್ತಿಗಳ ಪಟ್ಟಿಯನ್ನು ರಿಟರ್ನ್‌ನಲ್ಲಿ ತುಂಬುವ ಬಾಧ್ಯತೆಯೂ ಇಲ್ಲ. ಇದಕ್ಕೆಂದೇ ಜಾಲತಾಣದ ಪ್ರೊಫೈಲಿನಲ್ಲಿ ಸ್ಥಾನಮಾನವನ್ನು ಸರಿಯಾಗಿ ಆರಿಸಬೇಕು ಮತ್ತು ಸರಳವಾಗಿದೆಯೆಂದು ಐಟಿಆರ್-1 ಎಂಬ ರಿಟರ್ನ್ ನಮೂನೆಯನ್ನು ಸಲ್ಲಿಸಬಾರದು. ಅದು ಸಾಮಾನ್ಯ ನಿವಾಸಿಗಳಿಗೆ ಮಾತ್ರ, ತಮಗೆ ಐಟಿಆರ್-2. ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುತ್ತದೆ. ‘ನಿರ್ಧಾರಣಾ ವರ್ಷ’ದ ಬದಲು ‘ತೆರಿಗೆ ವರ್ಷ’ ಎನ್ನುತ್ತಾರೆ, ಕಲಂಗಳ ಸಂಖ್ಯೆಗಳು ಬದಲಾಗುತ್ತವೆ. ಈ ಮಾರ್ಚ್‌ವರೆಗಿನ ಆದಾಯಕ್ಕೆ ಮಾತ್ರ 1961ರ ಹಳೆಯ ಕಾಯ್ದೆಯೇ ಅನ್ವಯ.

ಮೂಲ್ಕಿ ಹಿತೈಷಿ — 8 ಫೆಬ್ರವರಿ 2026

ಇಷ್ಟೆಲ್ಲ ತಲೆಬಿಸಿ ಏಕೆ ಎಂದು ನನಗೆ ಅರ್ಥವಾಗುತ್ತಿಲ್ಲ. ನನ್ನ ಭಾವ ಬಂದು ನಾಲ್ಕು ವರ್ಷವಾಯಿತು, ಎನ್‌ಆರ್‌ಇ ಠೇವಣಿಯನ್ನು ಹಾಗೆಯೇ ನವೀಕರಿಸಿಕೊಂಡು ಬರುತ್ತಿದ್ದಾರೆ, ಬಡ್ಡಿಗೆ ಒಂದು ರೂಪಾಯಿ ತೆರಿಗೆಯೂ ಕಡಿತವಾಗಿಲ್ಲ, ಯಾರೂ ಕೇಳಿಲ್ಲ. ಬ್ಯಾಂಕಿಗೆ ತಾವಾಗಿ ಹೋಗಿ ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ನಿವೃತ್ತ ಬ್ಯಾಂಕ್ ನೌಕರ, ಅಂಬಲಪಾಡಿ — 8 ಫೆಬ್ರವರಿ 2026

ಹಿತೈಷಿಯವರ ಕಳಕಳಿ ಅರ್ಥವಾಗುತ್ತದೆ, ಸಲಹೆ ಮಾತ್ರ ತಪ್ಪು. ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲದಿರುವುದು ಖಾತೆಯ ಹೆಸರಿನಿಂದಲ್ಲ, ಖಾತೆದಾರರು ಫೆಮಾ ಪ್ರಕಾರ ಅನಿವಾಸಿಯಾಗಿರುವುದರಿಂದ. ಅವರು ಮರಳಿ ಬಂದ ದಿನವೇ ಆ ವಿನಾಯಿತಿ ಮುಗಿಯಿತು. ಬ್ಯಾಂಕ್ ತೆರಿಗೆ ಕಡಿಯದೆ ಇದ್ದ ಮಾತ್ರಕ್ಕೆ ತೆರಿಗೆ ಇಲ್ಲವೆಂದಲ್ಲ. ತಮ್ಮ ಭಾವನವರು ನಾಲ್ಕು ವರ್ಷಗಳ ಬಡ್ಡಿಯನ್ನು ಒಬ್ಬ ಲೆಕ್ಕಪರಿಶೋಧಕರ ಮುಂದಿಟ್ಟು ಸರಿಪಡಿಸಿಕೊಳ್ಳುವುದು ಒಳ್ಳೆಯದು. ತಿಳಿಸಿದರೆ ನಷ್ಟವೆಂಬ ಭಯವೂ ಬೇಕಿಲ್ಲ. ಠೇವಣಿಯನ್ನು ಒಡೆಯಬೇಕಾಗಿಲ್ಲ, ಒಪ್ಪಿದ ಬಡ್ಡಿದರದಲ್ಲಿಯೇ ಅವಧಿ ಮುಗಿಯುವವರೆಗೆ ಅದು ನಿವಾಸಿ ಠೇವಣಿಯಾಗಿ ಮುಂದುವರಿಯುತ್ತದೆ. ಡಾಲರ್ ಅಥವಾ ಪೌಂಡಿನ ಎಫ್‌ಸಿಎನ್‌ಆರ್ ಠೇವಣಿಯಾದರೆ, ನಡುಮನೆಯ ವರ್ಷಗಳಲ್ಲಿ ಬಡ್ಡಿಯ ವಿನಾಯಿತಿಯೂ ಮುಂದುವರಿಯುತ್ತದೆ. ವಿದೇಶಿ ಕರೆನ್ಸಿಯನ್ನು ಹಾಗೆಯೇ ಇಟ್ಟುಕೊಳ್ಳಬೇಕೆನ್ನುವವರಿಗೆ ಆರ್‌ಎಫ್‌ಸಿ ಖಾತೆಯಿದೆ. ಕೌಂಟರಿನಲ್ಲಿ ಕೇಳದಿದ್ದರೆ ಅದರ ಹೆಸರನ್ನು ಯಾರೂ ತಾವಾಗಿ ಎತ್ತುವುದಿಲ್ಲ.

ಇನ್ನೊಂದು ವಿಷಯವನ್ನು ನಮ್ಮ ಜಿಲ್ಲೆಗಳವರು ವಿಶೇಷವಾಗಿ ಗಮನಿಸಬೇಕು. ತಾವೆಲ್ಲ ವಿದೇಶದಲ್ಲಿದ್ದಾಗ ಇಲ್ಲಿನ ಬ್ಯಾಂಕುಗಳೇ ಹೆಸರು ಬದಲಿಸಿಕೊಂಡಿವೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಉಡುಪಿಯಲ್ಲಿಯೇ ಹುಟ್ಟಿದ ಎರಡು ಬ್ಯಾಂಕುಗಳಲ್ಲಿ, 1906ರ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಂದಿಗೆ, 1925ರ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಂದಿಗೆ 2020ರ ಏಪ್ರಿಲ್ 1ರಂದು ವಿಲೀನವಾದವು. ಆಮೇಲೆ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಸಂಕೇತಗಳು ಬದಲಾದವು, ಕೆಲವು ಖಾತೆ ಸಂಖ್ಯೆಗಳೂ ಬದಲಾದವು. ತೆರಿಗೆ ಜಾಲತಾಣದಲ್ಲಿ ಹಳೆಯ ಐಎಫ್‌ಎಸ್‌ಸಿ ಉಳಿದುಕೊಂಡಿದ್ದರೆ, ಪ್ಯಾನ್ ಸಕ್ರಿಯವಾಗಿದ್ದರೂ ತೆರಿಗೆ ಮರುಪಾವತಿ ಬಂದು ಸೇರುವುದಿಲ್ಲ. ಖಾತೆಯನ್ನು ಹೊಸ ಸಂಕೇತದೊಂದಿಗೆ ಮತ್ತೆ ದೃಢೀಕರಿಸಿಕೊಳ್ಳಬೇಕು, ಮತ್ತು ಬ್ಯಾಂಕಿನಲ್ಲಿರುವ ಹೆಸರು ಪ್ಯಾನ್‌ನಲ್ಲಿರುವ ಹೆಸರಿಗೆ ತಾಳೆಯಾಗಬೇಕು.

ಮೂಲ್ಕಿ ಹಿತೈಷಿ — 9 ಫೆಬ್ರವರಿ 2026

ಠೇವಣಿ ಒಡೆಯಬೇಕಾಗುತ್ತದೆ ಎಂದೇ ಭಾವ ಹಿಂಜರಿಯುತ್ತಿದ್ದರು. ಈ ಬರಹವನ್ನು ಅವರಿಗೆ ಓದಿ ಹೇಳಿದ್ದೇನೆ.

ಮಣಿಪಾಲ ಮರುವಲಸೆ — 11 ಫೆಬ್ರವರಿ 2026

ನಾನು ಹದಿಮೂರು ವರ್ಷ ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದು ಡಿಸೆಂಬರ್‌ನಲ್ಲಿ ಬಂದೆ. ನನ್ನ ಪ್ಯಾನ್ ಸರಿಯಿದೆ. ತೊಡಕಾದದ್ದು ಬ್ಯಾಂಕಿನ ಸ್ವಯಂ ಘೋಷಣಾ ಪತ್ರದಲ್ಲಿ. ‘ಭಾರತವಲ್ಲದೆ ಬೇರೆ ಯಾವ ದೇಶದ ತೆರಿಗೆ ನಿವಾಸಿ, ಅಲ್ಲಿಯ ತೆರಿಗೆ ಗುರುತಿನ ಸಂಖ್ಯೆ ಯಾವುದು’ ಎಂದು ಅದರಲ್ಲಿ ಕೇಳಿದ್ದಾರೆ. ನನಗೆ ಅಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆಯಿತ್ತು. ಅದು ತೆರಿಗೆ ಸಂಖ್ಯೆಯೇ? ಇನ್ನು ಅಲ್ಲಿ ತೆರಿಗೆಯಿಲ್ಲದ ಐಎಸ್‌ಎ ಉಳಿತಾಯವನ್ನು ಇಲ್ಲಿ ತೋರಿಸಬೇಕೇ?

ಕೊಡಿಯಾಲಬೈಲ್ ಲೆಕ್ಕಪರಿಶೋಧಕಿ — 11 ಫೆಬ್ರವರಿ 2026

ಭಾರತದ ಮಟ್ಟಿಗೆ ಪ್ಯಾನ್‌ಗಿಂತ ಬೇರೆ ತೆರಿಗೆ ಗುರುತಿನ ಸಂಖ್ಯೆ ಇಲ್ಲ. ಬ್ರಿಟನ್‌ಗೆ ಸಂಬಂಧಿಸಿ ಹತ್ತು ಅಂಕಿಗಳ ಯುಟಿಆರ್ ಎಂಬ ತೆರಿಗೆದಾರರ ಸಂಖ್ಯೆ ಅಥವಾ ತಮ್ಮ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ, ಎರಡರಲ್ಲಿ ಇರುವುದನ್ನು ಬರೆಯಬಹುದು. ಅಲ್ಲಿಯ ತೆರಿಗೆ ವರ್ಷ ಏಪ್ರಿಲ್ 5ಕ್ಕೆ ಮುಗಿಯುವುದರಿಂದ, ನಮ್ಮ ಮಾರ್ಚ್ 31ರ ಲೆಕ್ಕಕ್ಕೂ ಅದಕ್ಕೂ ಐದು ದಿನಗಳ ಅಂತರವಿರುತ್ತದೆ, ಜಾಗ್ರತೆ. ದೇಶ ಬಿಟ್ಟದ್ದನ್ನು ಅಲ್ಲಿನ ಇಲಾಖೆಗೆ ಪಿ85 ನಮೂನೆಯಲ್ಲಿ ತಿಳಿಸದಿದ್ದರೆ ತಿಳಿಸಿ. ಹೆಚ್ಚು ಕಡಿತವಾದ ತೆರಿಗೆ ಇದ್ದರೆ ಅದೂ ಹಿಂತಿರುಗಿ ಬರುತ್ತದೆ. ಐಎಸ್‌ಎಗೆ ಇರುವ ವಿನಾಯಿತಿ ಬ್ರಿಟನ್ನಿನದು, ಭಾರತ ಅದನ್ನು ಒಪ್ಪಿಕೊಂಡಿಲ್ಲ. ನಡುಮನೆ ದಾಟಿ ಸಾಮಾನ್ಯ ನಿವಾಸಿಯಾದ ವರ್ಷದಿಂದ ಅದರ ಆದಾಯಕ್ಕೆ ಇಲ್ಲಿ ತೆರಿಗೆ ಬರುತ್ತದೆ, ವಿದೇಶಿ ಆಸ್ತಿಗಳ ಪಟ್ಟಿಯಲ್ಲಿಯೂ ತೋರಿಸಬೇಕು. ತೋರಿಸದಿದ್ದಕ್ಕೆ ಕಪ್ಪುಹಣ ಕಾಯ್ದೆಯಡಿ ಹತ್ತು ಲಕ್ಷ ರೂಪಾಯಿ ದಂಡವಿದೆ. ಸ್ಥಿರಾಸ್ತಿ ಬಿಟ್ಟು ಉಳಿದವುಗಳ ಒಟ್ಟು ಮೌಲ್ಯ 20 ಲಕ್ಷ ಮೀರದಿದ್ದರೆ 2024ರ ಅಕ್ಟೋಬರ್‌ನಿಂದ ಆ ದಂಡ ಅನ್ವಯಿಸುವುದಿಲ್ಲ, ಆದರೆ ತೋರಿಸುವ ಬಾಧ್ಯತೆ ಹಾಗೆಯೇ ಇದೆ.

ಕಾಪು ದೀಪಸ್ತಂಭ — 12 ಫೆಬ್ರವರಿ 2026

ಅದೇ ಪತ್ರ ನನಗೂ ಬಂದಿದೆ. ಕುವೈತ್‌ನಲ್ಲಿ ಸಂಬಳಕ್ಕೆ ತೆರಿಗೆಯೇ ಇರಲಿಲ್ಲ, ತೆರಿಗೆ ಸಂಖ್ಯೆಯನ್ನೂ ಯಾರೂ ಕೊಟ್ಟಿರಲಿಲ್ಲ. ಆ ಜಾಗದಲ್ಲಿ ಅಲ್ಲಿಯ ಗುರುತಿನ ಚೀಟಿಯಾದ ಸಿವಿಲ್ ಐಡಿಯ ಸಂಖ್ಯೆ ಬರೆಯಿರಿ ಎಂದು ಕೌಂಟರಿನಲ್ಲಿ ಹೇಳಿದರು.

ನಿವೃತ್ತ ಬ್ಯಾಂಕ್ ನೌಕರ, ಅಂಬಲಪಾಡಿ — 12 ಫೆಬ್ರವರಿ 2026

ಖಾಲಿ ಜಾಗ ಕಂಡರೆ ತುಂಬಿಸಿಬಿಡುವ ಅಭ್ಯಾಸ ನಮ್ಮವರಿಗೆ. ತೆರಿಗೆಗೆಂದು ಕೊಡದ ಸಂಖ್ಯೆಯನ್ನು ತೆರಿಗೆ ಸಂಖ್ಯೆಯೆಂದು ಬರೆದುಕೊಡಬೇಡಿ. ಆ ಪತ್ರದಲ್ಲಿ ಸಂಖ್ಯೆ ಇಲ್ಲದಿರುವುದಕ್ಕೆ ಕಾರಣ ಆರಿಸುವ ಕಲಮೂ ಇರುತ್ತದೆ; ದೇಶವು ಸಂಖ್ಯೆಯನ್ನು ಕೊಡುವುದಿಲ್ಲ ಎಂಬುದನ್ನು ಅಲ್ಲಿ ಗುರುತಿಸಿ ಸಹಿ ಹಾಕಿ.

ಬಿಜೈ ಬೆಟ್ಟದ ಮನೆ — 19 ಫೆಬ್ರವರಿ 2026

ಒಂದು ಎಚ್ಚರಿಕೆಯ ಮಾತು. ‘ಪ್ಯಾನ್ 2.0 ಬಂದಿದೆ, ಹಳೆಯ ಕಾರ್ಡ್ ರದ್ದಾಗುತ್ತದೆ, ಈ ಕೊಂಡಿ ಒತ್ತಿ ಹೊಸದನ್ನು ಪಡೆಯಿರಿ’ ಎಂಬ ಇಮೇಲ್ ನನ್ನ ಯಜಮಾನರಿಗೆ ಬಂತು. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಆ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ನಿಜ, ಆದರೆ ಹಳೆಯ ಪ್ಯಾನ್‌ಗಳು ಹಾಗೆಯೇ ಮಾನ್ಯವಾಗಿರುತ್ತವೆಂದು ಸರ್ಕಾರವೇ ಹೇಳಿದೆ. ಕೊಂಡಿ ಒತ್ತದೆ ಅಳಿಸಿದೆವು.

ಕಾಪು ದೀಪಸ್ತಂಭ — 28 ಮಾರ್ಚ್ 2026

ನಡೆದದ್ದನ್ನು ಕ್ರಮವಾಗಿ ವರದಿ ಮಾಡುತ್ತೇನೆ, ನನ್ನ ಹಿಂದೆ ಬರುವವರಿಗೆ ಬೇಕಾದೀತು.

ಆಧಾರ್ ಕೇಂದ್ರದಲ್ಲಿ ಮೊಬೈಲ್ ಸಂಖ್ಯೆ ಮತ್ತು ಹೆಸರು ಎರಡನ್ನೂ ಒಂದೇ ಭೇಟಿಯಲ್ಲಿ ಬದಲಿಸಲು ಕೊಟ್ಟೆ, ದಾಖಲೆಯಾಗಿ ಹೊಸ ಪಾಸ್‌ಪೋರ್ಟ್. ಮೊದಲ ದಿನ ಟೋಕನ್ ಸಿಗಲಿಲ್ಲ, ಎರಡನೆಯ ದಿನ ಬೆಳಿಗ್ಗೆ ಏಳಕ್ಕೆ ಹೋಗಿ ನಿಂತೆ. ಬೆರಳಚ್ಚು ಎರಡು ಸಲ ವಿಫಲವಾಯಿತು. ಇಪ್ಪತ್ತೊಂದು ವರ್ಷ ವರ್ಕ್‌ಶಾಪಿನಲ್ಲಿ ಸವೆದ ಬೆರಳುಗಳು, ಯಂತ್ರವನ್ನು ದೂರಲಾರೆ. ಕಣ್ಣಿನ ಪಾಪೆಯಿಂದ ಕೆಲಸವಾಯಿತು. ಒಂಬತ್ತನೆಯ ದಿನ ಹೆಸರು ಬದಲಾದ ಸಂದೇಶ ಬಂತು. ಅದೇ ಸಂಜೆ ಪ್ಯಾನ್ ತಿದ್ದುಪಡಿಗೆ ಅರ್ಜಿ ಹಾಕಿದೆ. ಅರ್ಜಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ತುಂಬುವಾಗ, ಆಧಾರಿನಲ್ಲಿ ಇರುವ ಕ್ರಮ ಮತ್ತು ಕಾಗುಣಿತವನ್ನು ಮಗಳು ಅಕ್ಷರ ಅಕ್ಷರವಾಗಿ ಓದಿ ಹೇಳಿದಳು. ತಂದೆಯ ಹೆಸರು ತಂದೆಯ ಜಾಗಕ್ಕೆ ಹೋಯಿತು. ನಮ್ಮದು ಅಳಿಯಸಂತಾನದ ಮನೆ, ಮನೆತನದ ಹೆಸರು ತಾಯಿಯ ಕಡೆಯಿಂದ ಬಂದದ್ದು. ತಂದೆಯ ಹೆಸರಿನೊಂದಿಗೆ ಅದು ಕೂಡುವುದಿಲ್ಲವಲ್ಲ, ಅರ್ಜಿ ತಿರಸ್ಕೃತವಾದೀತೆಂದು ನನಗೆ ಅಳುಕಿತ್ತು. ಯಾರೂ ಪ್ರಶ್ನಿಸಲಿಲ್ಲ.

ಇ-ಪ್ಯಾನ್ ಇಮೇಲಿಗೆ ಬಂದ ಮೇಲೆ ತೆರಿಗೆ ಜಾಲತಾಣದ ಇ-ಪೇ ವಿಭಾಗದಲ್ಲಿ ಸಾವಿರ ರೂಪಾಯಿ ಕಟ್ಟಿದೆ. ಇತರ ಸ್ವೀಕೃತಿಗಳು ಎಂಬ ಶೀರ್ಷಿಕೆ, ಸಂಖ್ಯೆ 500, ಅದರಡಿಯಲ್ಲಿ ಪ್ಯಾನ್-ಆಧಾರ್ ಜೋಡಣೆಯ ವಿಳಂಬ ಶುಲ್ಕವೆಂಬುದನ್ನು ಆರಿಸಬೇಕು. ನನ್ನ ಪರಿಚಯದವರೊಬ್ಬರು ಬೇರೆ ಶೀರ್ಷಿಕೆಯಲ್ಲಿ ಕಟ್ಟಿ, ಎರಡನೆಯ ಸಲ ಸಾವಿರ ತೆತ್ತಿದ್ದಾರೆ. ಕಟ್ಟಿದ ಐದನೆಯ ದಿನ ಜೋಡಣೆಯ ಕೋರಿಕೆ ಸಲ್ಲಿಸಿದೆ, ಹೆಸರು ಒಂದೇ ಸಲಕ್ಕೆ ಹೊಂದಿತು. ಮೂವತ್ತು ದಿನಗಳವರೆಗೆ ಕಾಯಬೇಕಾಗಬಹುದು ಎಂದಿದ್ದರು. ಹದಿನಾಲ್ಕನೆಯ ದಿನ, ಅಂದರೆ ಮೊನ್ನೆ ಗುರುವಾರ, ಪ್ಯಾನ್ ಸಕ್ರಿಯವೆಂದು ತೋರಿಸಿತು.

ಸೇವಾಂತ್ಯದ ಹಣ ಮೊದಲು ಕುವೈತ್‌ನ ಖಾತೆಗೇ ಜಮೆಯಾಗಿ, ಆಮೇಲೆ ನಾನು ಕಳುಹಿಸಿಕೊಂಡದ್ದಾದ್ದರಿಂದ ಅದಕ್ಕೆ ಇಲ್ಲಿ ತೆರಿಗೆಯಿಲ್ಲವೆಂದು ಲೆಕ್ಕಪರಿಶೋಧಕರೊಬ್ಬರಿಂದ ಖಚಿತಪಡಿಸಿಕೊಂಡೆ. ಅದಕ್ಕೆ ಸಂಬಂಧಿಸಿದ ಕಂಪನಿಯ ಪತ್ರ, ಅಲ್ಲಿಯ ಬ್ಯಾಂಕಿನ ವಿವರಣೆ, ಎರಡು ಪಾಸ್‌ಪೋರ್ಟುಗಳ ಎಲ್ಲ ಪುಟಗಳ ಪ್ರತಿ, ಇಷ್ಟನ್ನು ಒಂದು ಕಡತದಲ್ಲಿ ಇಟ್ಟಿದ್ದೇನೆ.

ಹಳೆಯಂಗಡಿಯವ — 28 ಮಾರ್ಚ್ 2026

ಸಂತೋಷ. ನಡುವೆ ಠೇವಣಿ ಇಟ್ಟಿರಾ, ಇಲ್ಲವೇ ಸಕ್ರಿಯವಾಗುವವರೆಗೆ ಕಾದಿರಾ?

ಕಾಪು ದೀಪಸ್ತಂಭ — 29 ಮಾರ್ಚ್ 2026

ಕಾದೆ. ಪ್ಯಾನ್ ನಿಷ್ಕ್ರಿಯವಾಗಿರುವಾಗ ನಿವಾಸಿ ಠೇವಣಿಯ ಬಡ್ಡಿಗೆ ಹತ್ತರ ಬದಲು ಇಪ್ಪತ್ತು ಪ್ರತಿಶತ ಕಡಿತವಾಗುತ್ತದೆಂದು ಬ್ಯಾಂಕಿನಲ್ಲಿಯೇ ಹೇಳಿದರು. ಎರಡು ಲಕ್ಷ ಬಡ್ಡಿ ಬರುವಲ್ಲಿ ಇಪ್ಪತ್ತು ಸಾವಿರದ ಬದಲು ನಲವತ್ತು ಸಾವಿರ ಹೋಗುತ್ತದೆ, ಪ್ಯಾನ್ ಸಕ್ರಿಯವಾಗುವವರೆಗೆ ಮರುಪಾವತಿಯೂ ಬರುವುದಿಲ್ಲ. ಎರಡು ತಿಂಗಳ ಉಳಿತಾಯ ಖಾತೆಯ ಬಡ್ಡಿಯೇ ಸಾಕೆಂದುಕೊಂಡೆ. ನಾಳೆ ಸೋಮವಾರ ಬ್ಯಾಂಕಿಗೆ ಹೋಗಿ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಗೆ ಬದಲಿಸಲು ಅರ್ಜಿ ಕೊಡುವುದಿದೆ. ಆರ್‌ಎಫ್‌ಸಿ ಬಗ್ಗೆ ಅಂಬಲಪಾಡಿಯವರು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೇನೆ, ಕೇಳಿ ನೋಡುತ್ತೇನೆ.